ವಿಶೇಷ ಸೌಲಭ್ಯ: ಇಲ್ಲ

ತಾಳಿಕೋಟಿ ಸಬ್‌ಸ್ಟೇಷನ್ನಿನ ಹಿಂದ, ಹರಾಜಿನ ದಿನ,
ಗುಮಾಸ್ತ ಬಿದರಕುಂದಿಯವರು ಜೀಪಿನ ಬಾನೆಟ್ಟಿನ ಮ್ಯಾಲ ಫಾರ್ಮ್ ಹಾಸಿ
ಕೊನೀ ಕಾಲಮ್ಮಿಗೆ ಬಂದ್ರು.
ವಿಶೇಷ ಸೌಲಭ್ಯ.
ನನ್ನ ಕಡೆ ನೋಡಲಿಲ್ಲ. ‘ಇಲ್ಲ’ ಅಂತ ಬರದ್ರು.

ತಡೀರಿ ಸಾಹೇಬ್ರ, ಶಾಯಿ ಆರಲಿಕ್ಕೆ ಬಿಡಬ್ಯಾಡ್ರಿ.
ಇಪ್ಪತ್ತಾರು ವರ್ಷ ಇದರೊಳಗ ಕುಂತಾಂವ ನಾನು, ಲಾಳೇಸಾಬ.
ನನ್ನ ಕೇಳಿ ಬರೀರಿ.

ಗೇರಿನ ಕೋಲು ಎರಡು ಅವ.
ಉದ್ದಂದು ಡಾಂಬರಿಗೆ, ಮೀಟಿಂಗಿಗೆ.
ಗಿಡ್ಡಂದು ಎರಿಗೆ.
ಅದರ ಗುಂಡು ಕಳದುಹೋಗಿ
ಹಿಪ್ಪರಗಿ ಸಂತ್ಯಾಗ ಹಿತ್ತಾಳಿ ಕೊಂಬಣಸು ತಂದು ಕೂಡ್ರಿಸೀನಿ,
ಹಿಡದ್ರ ಎತ್ತಿನ ಕೋಡು ಹಿಡದಂಗ.
ಅದನ್ನ ಎಳದ್ರ ಸಾಕಂತ ತಿಳದೀರಿ?
ಇಲ್ಲ. ಇಳೀಬೇಕು.
ಮಳ್ಯಾಗ, ಮೊಣಕಾಲ ಮಟ ರಾಡ್ಯಾಗ ನಿಂತು
ಮುಂದಿನ ಎರಡೂ ಗಾಲಿಯ ಹಬ್ ಕೈಲೆ ತಿರುವಬೇಕು.
ಮೊದಲು ನೀ ಕೆಸರಿಗಿಳಿ, ಆಮ್ಯಾಲ ನಾ ಬರ್ತೀನಿ
ಅಂತದ ಇದು.

ಎರಿ ಅಂದ್ರ ಏನಂತ ಪೇಪರಿಗೆ ಗೊತ್ತಿಲ್ಲ.
ಬ್ಯಾಸಗಿಗೆ ಬಿರಕು ಬಿಟ್ಟು ಆಡಿನ ಕಾಲು ನುಂಗ್ತದ;
ಎರಡು ಹನಿ ಬಿತ್ತೋ, ಹೋಳಗಿ ಕಣಕ.
ಗಾಲಿಗೆ ಸುತ್ತತದ, ಸುತ್ತಿ ಸುತ್ತಿ
ಗಾಣದ ಕಲ್ಲು ಮಾಡ್ತದ.
ಅದಕ್ಕ ಮಡ್‌ಗಾರ್ಡ್ ಕೊಯ್ಸೀನಿ.
ನೀವು ‘ಕಾಣೆಯಾಗಿದೆ’ ಅಂತ ಬರದೀರಿ.
ಕಾಣೆ ಅಲ್ರಿ. ಕೊಯ್ಸಿದ್ದು.

ಡೋಣಿ ಹರಿದ್ರ ಓಣಿ ತುಂಬ ಜೋಳ, ಎಲ್ಲಾರೂ ಅಂತಾರ.
ಕಂಬ ಎಷ್ಟು ಬೀಳ್ತಾವ, ಆ ಲೆಕ್ಕ ಯಾರೂ ಹೇಳಂಗಿಲ್ಲ.
ಒಂದು ಸೀಗಿ ಹುಣ್ಣಿವಿ ಮುಂದ, ಚಂಜಿ ಏಳಕ್ಕ,
ಸೇತುವೆ ಮ್ಯಾಲ ನೀರು, ಆಚಿಕಡೆ ನಾಕು ಊರು ಕತ್ತಲಿ.
ಫ್ಯಾನಿನ ಬೆಲ್ಟ್ ಬಿಚ್ಚಿ ಕೊರಳಿಗೆ ಹಾಕ್ಕೊಂಡೆ,
ತಿರುಗೋ ಫ್ಯಾನು ಇಂಜಿನ್ನಿನ ಮಾರಿಗೆ ನೀರು ಉಗ್ಗತದ.
ಮುಂದಿನ ಜಾಳಿಗಿಗೆ ಗೊಬ್ಬರದ ಚೀಲ ಕಟ್ಟಿದೆ.
ಲೈನ್‌ಮನ್ ಸಿದ್ಲಿಂಗ ತಳಕೇರಿ ಬಾನೆಟ್ಟಿನ ಮ್ಯಾಲ ಕುಂತು
ಬಿದಿರಿನ ಗಳದಿಂದ ಸೇತುವೆಯ ಕಲ್ಲು ಮುಟ್ಟಿ ಮುಟ್ಟಿ
“ಎಡಕ್ಕ... ಎಡಕ್ಕ... ಹ್ಞಾಂ, ಕಲ್ಲು” ಅಂತಿದ್ದ.
ಗಿಡ್ಡ ಕೋಲು, ಒಂದನೇ ಗೇರು. ಕ್ಲಚ್ಚಿನ ಮ್ಯಾಲ ಕಾಲಿಲ್ಲ.
ಗಡಬಡಿಸಿದ್ರ ನೀರು ಒಳಗ,
ನಿಂತ್ರ ನಾವು ನೀರೊಳಗ.
ಹೆಡ್‌ಲೈಟು ಮುಳುಗಿ ಕಡಕ್ ಚಹಾದ ಬಣ್ಣ ಆತು.
ಬಸುರಿ ಎಮ್ಮಿ ಕೆರಿಗೆ ಇಳದಂಗ
ಇಳೀತು, ಹೋತು, ಏರ್ತು.

ಎರಡೂವರಿ ತಾಸಿಗೆ ಲೈಟು ಬಂತು.
ಮೊದಲನೇ ಮನಿ ಬಾಗಲದಾಗ ಒಬ್ಬಾಕಿ ನಿಂತು ಅಂದ್ಳು:
“ಈಗೇನು ಬಂದ್ರಿ, ಧಾರಾವಾಹಿ ಮುಗದಿಂದ?”
ನಕ್ಕ ನಗಿಗೆ ಸಿದ್ಲಿಂಗ ಕಂಬದಿಂದ ಬೀಳ್ತಿದ್ದ.

ಕೊರತಿ ಇಲ್ಲಂತ ನಾ ಅನ್ನಂಗಿಲ್ಲ.
ಟಪ್ಪಾ ಸೋರತದ, ಸರಿಯಾಗಿ ಸಾಹೇಬ್ರ ಸೀಟಿನ ಮ್ಯಾಲ.
ಸ್ಟೇರಿಂಗ್ ತಿರುವಿ ತಿರುವಿ ನನ್ನ ಬಲಭುಜ
ಎಡಕ್ಕಿಂತ ಒಂದು ಬೆರಳು ದಪ್ಪ,
ಬೇಕಾದ್ರ ದರ್ಜಿ ಹಾಜಿಮಲಂಗನ್ನ ಕೇಳ್ರಿ.
ಒಮ್ಮೆ ನಾಕೂ ಗಾಲಿ ತಿರುಗಿದ್ರೂ ಬರಲಿಲ್ಲ,
ತಿರುಗಿದಷ್ಟೂ ಇಳೀತು.
ಬಂದ್ ಮಾಡಿ ಎರಡು ದಿನ ಕುಂತ್ವಿ,
ಎರಿ ತಾನ ಆರಿ ತಾನ ಬಿಡೂತನಾ.
ಅದನ್ನೂ ಬರೀರಿ:
ಸುಮ್ಮನ ಕುಂದ್ರಲಿಕ್ಕೂ ಬರ್ತದ.

ಹೊಸಾ ಗಾಡಿ ನೋಡೀನಿ.
ಪಡದೆ ಅದ, ಗುಂಡು ತಿರುವಿದ್ರ
ಮರಳು, ಕಲ್ಲು, ಕೆಸರು ಅಂತ ಚಿತ್ರ ಬರ್ತಾವ.
ಚೆಂದ ಅದ, ಸುಳ್ಳು ಯಾಕ ಹೇಳಲಿ,
ಎಸಿ ತಂಪಿಗೆ ನಿದ್ದಿ ಬಂತು.
ಆದ್ರ ಆ ಚಿತ್ರದಾಗಿನ ಕೆಸರು ಕೆಂಪು.

ಬಿದರಕುಂದಿಯವರು ಪೆನ್ನು ಎತ್ತಿಹಿಡದು ಕೇಳಿದ್ರು:
“ಇಷ್ಟೆಲ್ಲಾ ಎಲ್ಲೆ ಬರೀಲೋ ಮಾರಾಯಾ?
ಜಾಗಾ ಇರೂದು ಎರಡು ಬೆರಳು.”
ಅಷ್ಟರಾಗ ಗುಜರಿಯಾಂವ ಬಂದ,
ಕಬ್ಬಿಣ ಕಿಲೋಕ್ಕ ಎಷ್ಟಂತ ಬಾಯಾಗ ಎಣಿಸಕೋತ,
ಟಾಯರಿಗೆ ಬೂಟಿನಿಂದ ಒದ್ದ.

ನಾನು ಒಳಗ ಬಗ್ಗಿ ಕೊಂಬಣಸು ತಿರುವಿದೆ.
ಎಡಕ್ಕ... ಎಡಕ್ಕ... ಮೂರು ಸುತ್ತು.
ಕಿಸೇದಾಗ ಇಟಕೊಂಡೆ.
ಅವರು ನೋಡಿದ್ರು. ಏನೂ ಅನ್ನಲಿಲ್ಲ.
ಫಾರ್ಮಿನ ತಳಕ್ಕ ಸಣ್ಣ ಅಕ್ಷರದಾಗ ಬರದ್ರು:
‘ಗಿಡ್ಡ ಗೇರಿನ ಗುಂಡು ಇರುವುದಿಲ್ಲ.’