ಷರಾ

ಗ್ರಿಮ್ಸ್‌ಬಿಯ ಮೀನುಮಂಡಿಯ ಹಿಂದಿನ ಕೋಣೆ.
ಓಬೀರಾಯನ ಕಾಲದ ಪೆಟ್ಟಿಗೆಯೊಂದು
ರಾತ್ರಿ ಎರಡೂ ಹತ್ತಕ್ಕೆ ಗಂಟಲು ಕೆರೆದು
ಲೀಡ್ಸಿನ ಅಂಗಡಿಗೆ ಲೆಕ್ಕ ಒಪ್ಪಿಸುತ್ತದೆ:
ಹ್ಯಾಡಕ್ ನಲವತ್ತು, ಕಾಡ್ ಹದಿನೆಂಟು,
ಸಾಲುಸಾಲಿನ ಕೊನೆಗೂ
ಮೇಲಕ್ಕೆ ಸಿಕ್ಕಿಕೊಂಡ ಅಲ್ಪವಿರಾಮ,
ಮೀನಿನ ಮುಳ್ಳು.

ಇದನ್ನು ಮುಗಿಸಲೆಂದೇ ಬಂದವನು ನಾನು.
ಹೊಸದಕ್ಕೆ ನಿದ್ದೆಯಿಲ್ಲ, ಕೇಳಿದೊಡನೆ ಉತ್ತರ.
ಹಳೆಯ ಒಂದೊಂದು ಖಾನೆಗೂ ಹೊಸ ಮನೆ ಹುಡುಕಿ
ಗೆರೆ ಎಳೆಯುತ್ತ ಬಂದೆ.
ಎಪ್ಪತ್ತೊಂದರಲ್ಲಿ ಪೆನ್ಸಿಲು ನಿಂತಿತು.

ಷರಾ. ಮೂವತ್ತೈದು ಅಕ್ಷರ. ಕಡ್ಡಾಯವಲ್ಲ.

‘ಗಾಳಿ ಜೋರು. ದೋಣಿ ತಡ. ಗ್ಲೆನಿಸ್.’
‘ಇಲ್ಲಿ ಹಿಮ. ಮಂಡಿನೋವು ಹೇಗಿದೆ? ಕ್ಲೈವ್.’
‘ಇದೆ.’
ಹತ್ತೊಂಬತ್ತು ವರ್ಷ, ರಾತ್ರಿಗೊಂದರಂತೆ,
ಹ್ಯಾಡಕ್ಕಿನ ಬಾಲ ಹಿಡಿದು
ಹೋಗಿವೆ, ಬಂದಿವೆ.

ಮುಖ ನೋಡಿದ್ದೀರಾ ಅವರದ್ದು? ಕೇಳಿದೆ.
‘ಯಾಕೆ, ದಿನಾ ಸಿಗ್ತಾನಲ್ಲ’ ಅಂದಳು ಗ್ಲೆನಿಸ್,
ಐಸು ಹತ್ತಿದ ಕೈಯನ್ನು ಏಪ್ರನ್ನಿಗೆ ಒರೆಸುತ್ತ.

ಮೇಲಿನವರು ಆ ಖಾನೆ ಅಳಿಸು ಅಂದಿದ್ದರು,
ಯಾರೂ ಬಳಸುವುದಿಲ್ಲವಂತೆ.
ಹೊಸ ನಕ್ಷೆಯಲ್ಲಿ ಬರೆದೆ:
ಎಪ್ಪತ್ತೊಂದು, ಕಡ್ಡಾಯ.
ಕಾರಣ: ಹವಾಮಾನ.