ಹನ್ನೊಂದು ಸೆಕೆಂಡು

ನನ್ನ ಕೆಲಸ ಇಷ್ಟೇ: ಟೂರೆ ಹೆಗ್ಲುಂಡನ ಬಾಯಿಂದ
ಸ್ವೀಡನ್ನಿನ ಅಡುಗೆಮನೆಗಳ ತನಕ
ದಾರಿ ಸರಾಗ ಇಡುವುದು.
ಹತ್ತೊಂಬತ್ತು ವರ್ಷ ಅವನ ಪಕ್ಕ ಕೂತಿದ್ದೇನೆ,
ಕಿವಿಗೆ ಹೆಡ್‌ಫೋನು, ಬೆರಳಡಿಗೆ ಗುಂಡಿ.
ಮುಖಕ್ಕಿಂತ ಅವನ ಉಸಿರೇ ನನಗೆ ಹೆಚ್ಚು ಗುರುತು.

ಎಡಬದಿಯ ಬ್ಯಾಕ್. ಸುಂಡ್ಸ್‌ವಾಲಿನ ಹುಡುಗ.
ಅಪ್ಪ ಕಾಗದದ ಕಾರ್ಖಾನೆಯಲ್ಲಿ; ಗಾಳಿ ತಿರುಗಿದ ದಿನ
ಊರಿಡೀ ಕೊಳೆತ ಎಲೆಕೋಸಿನ ನಾತ.
ಆ ನಾತ ಬಂದರೆ ಈಗಲೂ ಅವನಿಗೆ ಹಸಿವಾಗುತ್ತದಂತೆ.
ಮಾರ್ಚಿನಲ್ಲೂ ಮೈದಾನದ ಮೇಲೆ ಮೊಣಕಾಲುದ್ದ ಹಿಮ,
ಆಟಗಾರರೇ ಸನಿಕೆ ಹಿಡಿದು ಬಾಚಬೇಕು.
"ಮೊದಲರ್ಧ ಸನಿಕೆಯದು, ಚೆಂಡು ಬರುವುದು ಆಮೇಲೆ"
ಅನ್ನುತ್ತಾನೆ, ನಗದೆ.

ಇನ್ನೂರ ಎಂಬತ್ತಾರು ಪಂದ್ಯ. ನಾಲ್ಕು ಗೋಲು.
ಆ ನಾಲ್ಕೂ ಯಾರಿಗೂ ನೆನಪಿಲ್ಲ.
ನೆನಪಿರುವುದು ಐದನೆಯದು.

ಅಕ್ಟೋಬರ್, ಕೊನೆಯ ಪಂದ್ಯ, ಸಮ ಆದರೂ ಸಾಕಿತ್ತು.
ಅಂಥ ಹೊಡೆತವೂ ಅಲ್ಲ, ದಾರಿ ತಪ್ಪಿ ಬಂದ ಚೆಂಡು.
ಬಿಟ್ಟಿದ್ದರೆ ಹಿಂದೆ ನಿಂತ ಗೋಲ್‌ಕೀಪರನ ಎದೆಗೇ ಬೀಳುತ್ತಿತ್ತು,
ಬೆಕ್ಕಿನ ಮರಿಯ ಹಾಗೆ.
ಟೂರೆ ಎಡಗಾಲು ಚಾಚಿದ.
ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವರು
ಲೋಕದಲ್ಲಿ ಬೇಕಾದಷ್ಟಿದ್ದಾರೆ;
ಒಂದು ಊರಿನ ಕಾಲ ಮೇಲೆ ಹಾಕಿದವನು ಇವನು,
ಹನ್ನೆರಡು ಸಾವಿರ ಜನ ನೋಡುತ್ತಿರುವಾಗ.
ತಂಡ ಕೆಳಗಿನ ದರ್ಜೆಗೆ ಇಳಿಯಿತು.
ಬೇಕರಿಯವಳು ಆಮೇಲೆ ಒಂದು ವರ್ಷ
ಚಿಲ್ಲರೆ ಅವನ ಕೈಗೆ ಕೊಡದೆ ಕಟ್ಟೆಯ ಮೇಲಿಡುತ್ತಿದ್ದಳು.

ಆಮೇಲೆ ಮಂಡಿ ಹೋಯಿತು. ಕಾರು ಮಾರುವ ಅಂಗಡಿ. ಒಂದು ವಿಚ್ಛೇದನ.
ಮಾತು ಅವನ ಜಾಯಮಾನವೇ ಅಲ್ಲ.
ಬಡಗಣ ಸೀಮೆಯ ಆ ಜನ ಹೌದೆನ್ನುವುದನ್ನೂ
ಉಸಿರು ಒಳಕ್ಕೆಳೆದು ಮುಗಿಸುತ್ತಾರೆ:
ಶ್ಶೂ. ಅಷ್ಟೇ. ಅದೇ ಹೌದು.
ಅಂಥವನನ್ನು ಒಂದು ಭಾನುವಾರ ಟೀವಿಯವರು ಕರೆದರು,
ಬರಬೇಕಾದವನಿಗೆ ಜ್ವರ ಅಂತ.
ತೊಂಬತ್ತು ನಿಮಿಷದಲ್ಲಿ ಅವನಾಡಿದ್ದು ನಲವತ್ತು ಮಾತು.
ಫೋನುಗಳು ಬಂದವು: ಯಾರೀ ಮನುಷ್ಯ?
ಇವನನ್ನೇ ಇಟ್ಟುಕೊಳ್ಳಿ.

'ಅದ್ಭುತ' ಅವನ ಬಾಯಲ್ಲಿ ಬಂದದ್ದಿಲ್ಲ.
"ಅವನ ಬೂಟಿನ ದಾರ ಸಡಿಲ" ಅನ್ನುತ್ತಾನೆ,
ಎರಡು ನಿಮಿಷಕ್ಕೆ ಆ ಹುಡುಗ ಜಾರಿರುತ್ತಾನೆ.
"ಎಡಬದಿಯವನಿಗೆ ಯಾರೂ ಕೂಗಿ ಹೇಳುತ್ತಿಲ್ಲ" ಅನ್ನುತ್ತಾನೆ,
ಇದನ್ನಂತೂ ವಾರ ವಾರವೂ.
ನಾನು ಎಣಿಸುವುದನ್ನು ಬಿಟ್ಟಿದ್ದೇನೆ.

ಹೋದ ಮೇ ತಿಂಗಳು, ಬೊರೋಸಿನಲ್ಲಿ,
ರಾತ್ರಿ ಒಂಬತ್ತಾದರೂ ಹೊತ್ತು ಮುಳುಗದ ಬೆಳಕಿನಲ್ಲಿ
ಹತ್ತೊಂಬತ್ತರ ಒಬ್ಬ ಎಡ ಬ್ಯಾಕ್ ಕಾಲು ಚಾಚಿದ.
ಚೆಂಡು ಅವನದೇ ಬಲೆಯಲ್ಲಿ.
ನಮ್ಮ ಚಿಕ್ಕ ಪ್ರಾಯದ ನಿರೂಪಕ ಕೂಗುವಷ್ಟು ಕೂಗಿ
ಟೂರೆಯ ಕಡೆ ತಿರುಗಿದ,
ಬಡಿಸಲಿ ಎಂದು ಎಲೆ ಸರಿಮಾಡಿಕೊಂಡವನ ಹಾಗೆ.

ಟೂರೆ ಸುಮ್ಮನೆ.

ನಿರ್ದೇಶಕ ನನ್ನ ಕಿವಿಯಲ್ಲಿ: ಮಾತು! ಏನಾದರೂ ಮಾತು!
ಒಂದು ಗುಂಡಿ ಏರಿಸಿದ್ದರೆ ಸಾಕು,
ಪ್ರೇಕ್ಷಕರ ಗದ್ದಲ ಬಂದು ಆ ಹಳ್ಳವನ್ನು ತುಂಬುತ್ತಿತ್ತು.
ಏರಿಸಲಿಲ್ಲ.
ನನಗೆ ಕೇಳಿಸಿದ್ದು:
ಅವನ ಬಾಯಲ್ಲಿದ್ದ ಅತಿಮಧುರದ ಉಪ್ಪು ಗುಳಿಗೆ
ಹಲ್ಲಿಗೆ ಒಮ್ಮೆ ತಾಗಿ ನಿಂತದ್ದು. ಕುರ್ಚಿ ಕಿರುಗುಟ್ಟಿದ್ದು.
ಮೇಜಿನ ಕೆಳಗೆ ಎಡಗಾಲಿನ ಬೂಟು
ನೆಲ ಉಜ್ಜುತ್ತ, ಮೆಲ್ಲಗೆ, ಪಕ್ಕಕ್ಕೆ ಸರಿದದ್ದು,
ಏನೋ ಹಾದುಹೋಗಲಿ ಎಂದು ದಾರಿ ಬಿಟ್ಟ ಹಾಗೆ.

ಆಮೇಲೆ ಒಂದು ಉಸಿರು, ಒಳಕ್ಕೆ.
ಆಟ ಮುಂದುವರಿಯಿತು.

ಮರುದಿನ ಕಚೇರಿಯಿಂದ ಒಂದು ಫಾರಂ ಬಂತು.
ಧ್ವನಿ ದೋಷದ ಅವಧಿ: ಹನ್ನೊಂದು ಸೆಕೆಂಡು, ಅವರೇ ತುಂಬಿದ್ದರು.
ಕಾರಣ ಎಂಬಲ್ಲಿ
'ಕಾಲು' ಎಂದು ಬರೆದೆ,
ಹೊಡೆದುಹಾಕಿ, ಖಾಲಿ ಬಿಟ್ಟೆ.