ಏಳನೇ ಅರ್ಜಿ

ಗಣಿ ಮುಚ್ಚಿ ಹನ್ನೊಂದು ವರ್ಷ.
ಕೆಂಟಕಿಯ ಈ ಕಣಿವೆಯಲ್ಲಿ ಚರ್ಚಿನ ಸೂರೂ ಸೋರುತ್ತದೆ.
ಆರು ಜನ, ಒಂದು ಮೇಜು, ನಡುವೆ ಬಕೆಟ್ಟು;
ಕಾಣಿಕೆಯಿಂದ ಎತ್ತಿಟ್ಟ ನಾಲ್ಕು ಸಾವಿರ ಡಾಲರಿಗೆ
ಹದಿನೇಳು ಅರ್ಜಿ.

ಏಳನೆಯದು ವರ್ನಾ ಸ್ಟಿಲ್ಟ್‌ನರ್ ಬರೆದದ್ದು.
‘ಅಗತ್ಯವನ್ನು ಇನ್ನೂರು ಪದಗಳಲ್ಲಿ ವಿವರಿಸಿ’ ಎಂಬಲ್ಲಿ
ಒಂಬತ್ತೇ ಪದ:
ಎರಡು ವಾಷಿಂಗ್ ಮಶೀನು ಸಾಕು.
ಮಕ್ಕಳು ವಾಸನೆಗೆ ನಾಚಿ ಶಾಲೆ ಬಿಡುತ್ತಿದ್ದಾರೆ.

‘ಬಜೆಟ್ ಹಾಳೆ ಲಗತ್ತಿಸಿಲ್ಲ’ ಎಂದ ಖಜಾಂಚಿ ಡೆಲ್ಮರ್.
‘ಮೊದಲು ಸೂರು’ ಎಂದರು ಇನ್ನೊಬ್ಬರು.
ಟಪ್ ಎಂದಿತು ಬಕೆಟ್ಟು, ಹೂಂಗುಟ್ಟಿದ ಹಾಗೆ.

ನಾನು ನಡಾವಳಿ ಬರೆಯುವವಳು, ಮತವಿಲ್ಲ.
ಮೂರನೇ ಕ್ಲಾಸಿನಲ್ಲಿ ಇದೇ ಕೋಣೆಯ ರಾಶಿಯಿಂದ
ಅಮ್ಮ ಆರಿಸಿ ತೊಡಿಸಿದ ಕೋಟು ನೆನಪಾಯಿತು.
ಕಾಲರಿನೊಳಗೆ ಕೆಂಪು ನೂಲಿನಲ್ಲಿ ಹೊಲಿದ ಹೆಸರು: ಲೊರೀನ್.
ಬಿಚ್ಚಲು ಕತ್ತರಿ ಹಿಡಿದರೆ ಬಟ್ಟೆಯೇ ಹರಿಯಿತು;
ಚಳಿಗಾಲವೆಲ್ಲ ಕುತ್ತಿಗೆ ಬಗ್ಗಿಸದೆ ನಡೆದೆ.

ಆ ಲೊರೀನ್ ಈಗ ನನ್ನೆದುರಿಗೇ ಕೂತಿದ್ದಾಳೆ,
ಪೆನ್ನಿನ ತುದಿ ಕಚ್ಚುತ್ತ.
ನೆನಪಿದೆಯೋ ಇಲ್ಲವೋ, ಎಂದೂ ಕೇಳಿಲ್ಲ.
ಮೊದಲು ಕೈಯೆತ್ತಿದವಳು ಅವಳೇ.

ಬರೆದುಕೊಂಡೆ:
ಮಂಜೂರು. ಮಶೀನು ಎರಡು.
ಬಕೆಟ್ಟು ಇನ್ನೊಂದು.